ನೀಲಮ್ಮನ ‘ಬೇಡ’ ಮತ್ತು ನನ್ನ ತರ್ಜುಮೆ

ಇದನ್ನು ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಜಹೀರಾಬಾದಿನಲ್ಲಿ ನನ್ನ ಮಾತು ನಂಬಿದವರು ಇಲ್ಲದ ಬಸ್ಸಿಗೆ ಕಾದಿದ್ದಾರೆ, ಸಂತೆಯಿಲ್ಲದ ದಿನ ಸಂತೆಗೆ ಎತ್ತು ಹೊಡೆದುಕೊಂಡು ಬಂದಿದ್ದಾರೆ. ಒಬ್ಬನಂತೂ ಬದುಕಿದ್ದ ಮಾವನ ಮಣ್ಣಿಗೆಂದು ಹೋಗಿ, ಅದೇ ಮಾವನ ಪಕ್ಕ ಕೂತು ಊಟ ಮಾಡಿ ಬಂದಿದ್ದಾನೆ. ಅಷ್ಟು ಹೆಸರು ಮಾಡಿದವನು ನಾನು.

ಆದರೆ ಒಂದು ಸಲ ಖರೆ ಹೇಳಿದ್ದೆ. ಆಗಲೇ ಯಾರೂ ನಂಬಲಿಲ್ಲ. ನಾರಾಯಣಖೇಡದ ಕಡೆಯ ಒಂದು ಹಳ್ಳಿಯಲ್ಲಿ ನೀಲಮ್ಮ ಎಂಬ ಕಿವಿ ಕೇಳದ ಹುಡುಗಿ ತನಗೆ ಗೊತ್ತು ಮಾಡಿದ ಸಂಬಂಧ ಬೇಡವೆಂದಳು. ಅದನ್ನು ಬಾಯಿ ಮಾತಿಗೆ ತಿರುಗಿಸಿ ಹೇಳಬೇಕಾದವನು ನಾನು. ಅವಳ ‘ಬೇಡ’ ನನ್ನ ಬಾಯಿಂದ ಬಂತು ಎಂಬ ಒಂದೇ ಕಾರಣಕ್ಕೆ ಅದು ಲೆಕ್ಕಕ್ಕೇ ಬರದೆ ಹೋಗುವುದಿತ್ತು. ಆ ಕಥೆ ಹೇಳುವ ಮೊದಲು, ನನ್ನ ಬಾಯಿಗೆ ಅಂಥ ಕೀರ್ತಿ ಬಂದದ್ದು ಹೇಗೆಂದು ಹೇಳಬೇಕು.

ಸನ್ನೆ ಭಾಷೆಯ ಸಂಶೋಧನೆಗೆ ಹೊರಟ ಹುಡುಗರು ಹುಡುಗಿಯರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. “ಅಂಕಲ್, ಆಗ ನಿಮ್ಮ ಕೆಲಸದ ಪದ್ಧತಿ ಏನಿತ್ತು?” ಎಂದು ಕೇಳುತ್ತಾರೆ. “ಚಹಾ ಕುಡಿಯುವುದು” ಎನ್ನುತ್ತೇನೆ. ನಗುತ್ತಾರೆ, ಬರೆದುಕೊಳ್ಳುವುದಿಲ್ಲ. ಅಲ್ಲೇ ಅವರು ಮೊದಲ ತಪ್ಪು ಮಾಡುತ್ತಾರೆ.

ಎಪ್ಪತ್ತರ ದಶಕದಲ್ಲಿ ಹೈದರಾಬಾದಿನಿಂದ ಒಬ್ಬ ಪ್ರೊಫೆಸರ್ ಸಾಹೇಬರು ನಮ್ಮೂರಿಗೆ ಬಂದರು. ಮೈಸೂರು ಕಡೆಯವರು. ಹೆಸರು ಬೇಡ, ಮೊಮ್ಮಕ್ಕಳು ಓದಿಯಾರು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಸುತ್ತ ಕಿವಿ ಕೇಳದವರು ಕೈಯಲ್ಲಿ ಆಡುವ ಮಾತು ಒಂದೇ ಬಗೆಯದೋ, ಊರಿಗೊಂದು ಬಗೆಯದೋ ಎಂದು ಅವರಿಗೆ ತಿಳಿಯಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಅಣ್ಣ ಕಾಶಪ್ಪನ ಸೈಕಲ್ ರಿಪೇರಿ ಅಂಗಡಿ. ಅಣ್ಣ ಹುಟ್ಟಾ ಕಿವುಡ. ನಾನು ತೊಟ್ಟಿಲಲ್ಲೇ ಅವನ ಕೈ ನೋಡಿ ಕಲಿತವನು. ಕನ್ನಡ, ತೆಲುಗು, ಉರ್ದು ಆಮೇಲೆ ಬಂದವು.

“ಇವರಿಗೆ ಯಾವಾಗಿನಿಂದ ಕಿವಿ ಕೇಳಿಸಲ್ಲ?” ಎಂದರು ಸಾಹೇಬರು.

“ಹುಟ್ಟಿದಾಗಿಂದರಿ. ನಾ ಹುಟ್ಟಿ ಅಳಾದು ಕೇಳಿಲ್ಲಂತ ಮನ್ಯಾಗ ಅವನಷ್ಟು ಸುಖ ಪಟ್ಟಾಂವ ಯಾರೂ ಇಲ್ರಿ.”

ಸಾಹೇಬರು ಚೀಲದಿಂದ ಚಿತ್ರದ ಕಾರ್ಡು ತೆಗೆದರು. ಆನೆ ತೋರಿಸಿದರು, ಅಣ್ಣ ತೋಳು ಇಳಿಬಿಟ್ಟು ಸೊಂಡಿಲು ಮಾಡಿದ. ಹಡಗು ತೋರಿಸಿದರು. ಅಣ್ಣ ನನ್ನ ಕಡೆ ತಿರುಗಿ, “ಈತನ ಕೈಯಾಗ ಇದ್ದದ್ದು ಏನಂತ ನನಗ ಕೇಳ್ತಾನ, ಕಣ್ಣಿಗಿ ಚಸ್ಮಾ ಯಾಕ ಹಾಕ್ಯಾನ?” ಎಂದು ಕೈಯಲ್ಲೇ ಕೇಳಿದ.

ನಾನು ಸಾಹೇಬರಿಗೆ ಹೇಳಿದೆ: “ಇದು ನೀರಿನ ಮ್ಯಾಲ ತೇಲಿ ದೂರ ದೇಶಕ್ಕ ಹೋಗ್ತದ, ಭಾಳ ಮಂದಿ ಕೂಡ್ತಾರ ಅಂತಾನರಿ.”

ಸಾಹೇಬರಿಗೆ ಖುಷಿಯೋ ಖುಷಿ. ಸ್ವಲ್ಪ ಹೊತ್ತಿಗೆ ನಾನು, “ಅಣ್ಣ ಮಿರ್ಚಿ ಭಜಿ ಇಲ್ದೆ ಇನ್ನ ಕೈ ಆಡ್ಸಂಗಿಲ್ಲ ಅಂತಾನರಿ” ಎಂದೆ.

“ಅವರು ಈಗ ಕೈ ಆಡಿಸಲೇ ಇಲ್ಲವಲ್ಲಪ್ಪ?”

“ಅದಕ್ಕೇ ರಿ.”

ಭಜಿ ಬಂತು. ನನಗೆ ನೌಕರಿಯೂ ಬಂತು. ಇಪ್ಪತ್ತು ವರ್ಷದ ಮೇಲೂ ಅದೇ ನೌಕರಿಯಲ್ಲಿದ್ದೆ. ಪ್ರಮೋಷನ್ನಿನ ವಿಷಯ ಕೇಳಬೇಡಿ, ಕೊಡುವವರಿಗೂ ನೆನಪಿರಲಿಲ್ಲ.

ಕೈ ಮಾತಿನವರು ಪ್ರತಿಯೊಬ್ಬ ಮನುಷ್ಯನಿಗೂ ಒಂದು ಗುರುತು ಕಟ್ಟುತ್ತಾರೆ. ಗಾಯದ ಕಲೆ, ಮೂಗುತಿ, ನಡಿಗೆ, ಹೀಗೆ ಕಣ್ಣಿಗೆ ಮೊದಲು ಬಿದ್ದದ್ದೇ ಹೆಸರು. ಸಾಹೇಬರ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಾತಿಗೊಮ್ಮೆ ಎರಡು ಮೊಣಕೈಯಿಂದ ಮೇಲೆ ಎತ್ತಿಕೊಳ್ಳುತ್ತಿದ್ದರು. ಅಣ್ಣ ಅದನ್ನೇ ಅವರ ಹೆಸರು ಮಾಡಿದ. ಇದಕ್ಕೇನು ಅರ್ಥ ಎಂದು ಸಾಹೇಬರು ಕೇಳಿದಾಗ “ದೊಡ್ಡ ವಿದ್ವಾಂಸರು ಅಂತರಿ” ಎಂದೆ. ಅಲ್ಲಿಂದ ಮುಂದೆ ಪ್ರತಿ ಹಳ್ಳಿಯಲ್ಲೂ ಅವರು ಎದೆ ಮುಟ್ಟಿಕೊಂಡು, ಜಾರದಿದ್ದ ಪ್ಯಾಂಟನ್ನೂ ಎರಡು ಮೊಣಕೈಯಿಂದ ಎತ್ತಿ ತಮ್ಮ ಪರಿಚಯ ಹೇಳುತ್ತಿದ್ದರು. ಕಿವುಡರು ನೆಲಕ್ಕೆ ಬಿದ್ದು ನಗುತ್ತಿದ್ದರು.

“ಎಷ್ಟು ಆತ್ಮೀಯ ಜನ ನೋಡು” ಎನ್ನುತ್ತಿದ್ದರು ಸಾಹೇಬರು.

ಮೊದಮೊದಲು ಒಬ್ಬ ಚಿತ್ರಗಾರ ನಮ್ಮ ಜೊತೆ ಬರುತ್ತಿದ್ದ. ಕೈ ಹೇಗಿದೆ, ಬೆರಳು ಎತ್ತ ಮಡಚಿದೆ ಎಂದು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಅವನು ಒಂದು ಸನ್ನೆ ಮುಗಿಸುವಷ್ಟರಲ್ಲಿ ಹೇಳುವವನು ಎಮ್ಮೆಗೆ ನೀರು ಕುಡಿಸಿ ಬಂದಿರುತ್ತಿದ್ದ. ಆಮೇಲೆ ಫೋಟೋ ಕ್ಯಾಮೆರಾ ಬಂತು. ಅದು ಇನ್ನೂ ಮಜಾ. ನಮ್ಮ ಕಡೆ ಫೋಟೋ ಎಂದರೆ ಕುರ್ಚಿಯ ಮೇಲೆ ನೆಟ್ಟಗೆ ಕೂತು ಎರಡೂ ಕೈ ಮೊಣಕಾಲ ಮೇಲೆ ಇಡುವುದು. ಸಾಹೇಬರು ಕ್ಯಾಮೆರಾ ಎತ್ತಿದ ಕೂಡಲೇ, ಅಷ್ಟು ಹೊತ್ತು ಹಕ್ಕಿಯಂತೆ ಹಾರುತ್ತಿದ್ದ ಕೈಗಳು ಮೊಣಕಾಲಿಗೆ ಅಂಟಿಕೊಳ್ಳುತ್ತಿದ್ದವು. ಮೊದಲ ರೀಲು ತೊಳೆಸಿ ನೋಡಿದರೆ ಕೈ ಮಾತಿನ ಸಂಶೋಧನೆಯಲ್ಲಿ ಮಾತಾಡುವ ಕೈ ಒಂದೂ ಇರಲಿಲ್ಲ. ಎಲ್ಲರೂ ಮದುವೆ ಗಂಡಿನಂತೆ ಕೂತಿದ್ದರು. ಕೀಲಿ ತಿರುಗಿಸುವ ಸಿನೆಮಾ ಕ್ಯಾಮೆರಾ, ಆಮೇಲೆ ವಿಡಿಯೋ, ಎಲ್ಲ ಕಂಡೆ. ಯಂತ್ರ ಬದಲಾಯಿತು. ಮನುಷ್ಯ ತನ್ನನ್ನು ನೋಡುತ್ತಿದ್ದಾರೆಂದರೆ ಬೇರೆಯವನೇ ಆಗುತ್ತಾನೆ, ಅದು ಬದಲಾಗಲಿಲ್ಲ.

ಇನ್ನು ತಾಂಡೂರಿನ ವಿಷಯ. ನನ್ನ ಹೆಸರು ಪೂರಾ ಕೆಟ್ಟದ್ದು ಅಲ್ಲಿ.

ತಾಂಡೂರೆಂದರೆ ನೆಲಕ್ಕೆ ಹಾಸುವ ಕಲ್ಲು. ಪಾಲಿಶ್ ಶೆಡ್ಡುಗಳಲ್ಲಿ ಮಿಷನ್ನು ತಿರುಗುವಾಗ ಪಕ್ಕದವನು ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಅಲ್ಲಿನ ಕೂಲಿಯವರು ಕೆಲಸದ ಹೊತ್ತೆಲ್ಲ ಕೈಯಲ್ಲೇ ಮಾತಾಡುತ್ತಾರೆ. ನೀರು ಬಿಡು, ಕಲ್ಲು ತಿರುವು, ಬೀಡಿ ಕೊಡು, ಮಾಲೀಕ ಬಂದ. ಅವರಲ್ಲಿ ಒಬ್ಬನೂ ಕಿವುಡನಲ್ಲ. ಸಾಹೇಬರು ಬಾಗಿಲಲ್ಲಿ ನಿಂತು ನೋಡಿ ಬೆರಗಾದರು. ನನ್ನ ತೋಳು ಹಿಡಿದು ಹೊರಗೆ ಕರೆತಂದರು.

“ವೀರಶೆಟ್ಟಿ, ಒಂದೇ ಶೆಡ್ಡಿನಲ್ಲಿ ಇಷ್ಟೊಂದು ಜನ ಕಿವುಡರು. ಹೇಗಿದು?”

ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ನನ್ನ ನಾಲಿಗೆ ನನ್ನ ಮಾತು ಯಾವಾಗ ಕೇಳಿದೆ? “ಇಲ್ಲೀ ನೀರೇ ಹಂಗ ಅದಾವರಿ” ಎಂದೆ.

ಸಾಹೇಬರು ಬರೆದೇ ಬರೆದರು, ಫೋಟೋ ಹೊಡೆದೇ ಹೊಡೆದರು. ಕೂಲಿಯವರಿಗೂ ಹುರುಪು ಬಂದು ಮಾಲೀಕನ ಮೇಲೆ ಹೇಳಬಾರದ್ದನ್ನೆಲ್ಲ ಕೈಯಲ್ಲಿ ಹೇಳಿದರು. ಮಧ್ಯಾಹ್ನ ಕರೆಂಟು ಹೋಯಿತು. ಮಿಷನ್ನು ನಿಂತಿತು. ಕೂಡಲೇ ಶೆಡ್ಡಿನ ತುಂಬ ಮೂರು ಭಾಷೆ ಎದ್ದವು.

“ಅರೇ, ಕರೆಂಟು ಪೋಯಿಂದಿರಾ.”

“ಚಾಯ್ ಬೋಲೋ ಭೈ, ಚಾಯ್.”

“ಲೇ, ಈ ಚಸ್ಮಾದಾಂವ ಯಾರಲೇ, ಮುಂಜಾನಿಂದ ನಮ್ಮ್ ಫೋಟೋ ಹೊಡೀಲತ್ಯಾನ?”

ಸಾಹೇಬರು ನನ್ನನ್ನು ನೋಡಿದರು. ನಾನು ಕಲ್ಲು ನೋಡಿದೆ. ಬಹಳ ಚೆನ್ನಾದ ಕಲ್ಲು.

ಬಸ್ಸು ಊರು ದಾಟಿತು. ಆಮೇಲೆ ಸಾಹೇಬರು ಮೆಲ್ಲಗೆ ಹೇಳಿದರು: “ಇನ್ನು ಮುಂದೆ ನಿನ್ನೊಬ್ಬನ ಮಾತಿನ ಮೇಲೆ ನಾನು ಏನನ್ನೂ ನಂಬುವುದಿಲ್ಲ. ಕೈ ಮಾತು ಬಲ್ಲ ಇನ್ನೊಬ್ಬರು ಹೌದು ಅನ್ನಬೇಕು.”

ಹಾಗೆ ಆ ನಿಯಮ ಬಂತು. ಒಬ್ಬನ ತರ್ಜುಮೆಯನ್ನು ಇನ್ನೊಬ್ಬನಿಂದ ತಾಳೆ ನೋಡಬೇಕು ಎಂದು ಸಂಶೋಧನೆಯ ಹುಡುಗರಿಗೆ ಈಗ ಕ್ಲಾಸಿನಲ್ಲಿ ಕಲಿಸುತ್ತಾರಲ್ಲ, ನಮ್ಮ ಕಡೆ ಅದು ಹುಟ್ಟಿದ್ದು ನನ್ನ ಪುಣ್ಯದಿಂದ. ಯಾರೂ ನನಗೆ ಶಾಲು ಹೊದಿಸಲಿಲ್ಲ, ಇರಲಿ.

ನೀಲಮ್ಮನ ಮನೆಗೆ ನಾವು ಮೊದಲು ಹೋದದ್ದು ಇದಾದ ಮೇಲೆ. ಜೋಳದ ಹೊಲ, ಎರಡು ಜೋಡಿ ಎತ್ತು, ವಿಭೂತಿ ತಪ್ಪದ ಮನೆ. ತಂದೆ ಶಿವರಾಜಪ್ಪ ದೊಡ್ಡ ರುಮಾಲಿನ ಯಜಮಾನರು, ಮಾತಿನಲ್ಲಿ ಗತ್ತು. ನೀಲಮ್ಮನಿಗೆ ಆಗ ಇಪ್ಪತ್ತರ ಸುಮಾರು. ಅವಳ ಕೈ ನೋಡಬೇಕಿತ್ತು ನೀವು. ನಮ್ಮಣ್ಣನದು ಸೈಕಲ್ ರಿಪೇರಿಯವನ ಕೈ. ಅವಳದು ಕಥೆ ಹೇಳುವವರ ಕೈ. ಊರ ಶಾನುಭೋಗರು ಮೂಗಿಗೆ ನಸ್ಯ ಏರಿಸುವುದನ್ನು ಅವಳು ಮಾಡಿ ತೋರಿಸಿದರೆ ಎದುರಿದ್ದ ನಮಗೇ ಸೀನು ಬರುತ್ತಿತ್ತು.

“ಮನೆಯಲ್ಲಿ ಇವಳ ಜೊತೆ ಹೇಗೆ ಮಾತಾಡ್ತೀರಿ?” ಎಂದು ಸಾಹೇಬರು ಕೇಳಿದರು.

“ಏನ್ ಮಾತಾಡಾದ್ರಿ, ಮೂಕ ಹುಡುಗಿ. ತೋಳ ಹಿಡದು ತೋರ್ಸತೀವಿ, ಮಾಡ್ತಾಳ. ಕೈ ಮಾತು ಗೀ ಮಾತು ನಮಗ ಬರಂಗಿಲ್ರಿ” ಎಂದರು ಶಿವರಾಜಪ್ಪ.

ಸಾಹೇಬರು ಬರೆದುಕೊಂಡರು: ಈ ಮನೆಯಲ್ಲಿ ಕೈ ಮಾತಿಲ್ಲ.

ನಾನು ಹಿತ್ತಿಲಲ್ಲಿ ಚಹಾ ಕುಡಿಯುತ್ತಿದ್ದೆ. ಅಲ್ಲಿಂದ ಹೊಲ ಕಾಣುತ್ತದೆ. ಸಾಹೇಬರಿಗೆ ಉತ್ತರ ಕೊಟ್ಟು ಹೊಲಕ್ಕೆ ಹೋದ ಶಿವರಾಜಪ್ಪ ಬದುವಿನ ಮೇಲೆ ನಿಂತು ಮಗಳಿಗೆ ಕೈ ಮಾಡಿದರು. ಕೆಂಪೆತ್ತಿನ ಕೊರಳ ಹಗ್ಗ ಸವೆದಿದೆ, ಅಟ್ಟದ ಮೇಲೆ ಹೊಸದಿದೆ, ನಿಮ್ಮವ್ವ ಮೊನ್ನೆ ಇಟ್ಟಿದ್ದಾಳೆ, ಅದನ್ನು ತಾ. ಇಷ್ಟನ್ನೂ ಅಷ್ಟು ದೂರದಿಂದ, ಒಂದು ಬೆರಳೂ ತಪ್ಪದೆ ಹೇಳಿದರು. ನೀಲಮ್ಮ, ಅದು ಅಟ್ಟದ ಮೇಲಿಲ್ಲ, ನೀನೇ ಗಾಡಿಗೆ ಕಟ್ಟಿದ್ದೀ, ಮರೆತಿದ್ದೀ ಎಂದಳು. ಯಜಮಾನರು ಹಣೆ ಬಡಿದುಕೊಂಡರು.

ಹುಡುಗರೇ, ಇದನ್ನು ಬರೆದುಕೊಳ್ಳಿ. ನಮ್ಮ ಕಡೆ ಮನೆಮಂದಿ ಕೈ ಮಾತನ್ನು ಮಾತೆಂದು ಎಣಿಸುವುದಿಲ್ಲ. ಮೂಕ ಮಗುವಿಗಾಗಿ ಮಾಡಿಕೊಂಡ ಮನೆಯೊಳಗಿನ ವ್ಯವಹಾರ ಅದು. ಪ್ಯಾಂಟು ಹಾಕಿದವರು ಅಂಗಳಕ್ಕೆ ಬಂದರೆ ಹರಿದ ಕೌದಿ ಒಳಗಿಡುವಂತೆ ಅದನ್ನೂ ಒಳಗಿಡುತ್ತಾರೆ. ಕೇಳಿದರೆ ಬರುವುದಿಲ್ಲ ಎನ್ನುತ್ತಾರೆ. ನೀವು ಕೇಳುವುದು ನಿಲ್ಲಿಸಿ ಚಹಾ ಕುಡಿಯುವಾಗ ಹೊರಗೆ ಬರುತ್ತದೆ.

ನಾನು ಕಂಡದ್ದನ್ನು ಸಾಹೇಬರಿಗೆ ಹೇಳಿದೆ. “ಇನ್ನೊಬ್ಬರು ಹೌದು ಅಂದರಾ?” ಎಂದರು. ಇನ್ನೊಬ್ಬರೆಂದರೆ ಅಲ್ಲಿ ಇದ್ದದ್ದು ಕೆಂಪೆತ್ತು.

ಸುಗ್ಗಿ ಮುಗಿದ ಮೇಲೆ ಮತ್ತೆ ಹೋದೆವು. ಅಂಗಳದ ತುಂಬ ಜನ. ರಾಯಿಕೋಡಿನ ಕಡೆಯಿಂದ ಗಂಡಿನವರು ಬಂದಿದ್ದರು. ಗಂಡು ಅರಿವೆ ವ್ಯಾಪಾರಿ, ಹೆಂಡತಿ ತೀರಿಹೋಗಿದ್ದಳು. ಕೆಟ್ಟ ಮನುಷ್ಯನಲ್ಲ, ಬಡವನೂ ಅಲ್ಲ. ಹೈದರಾಬಾದಿನ ಸಾಹೇಬರು ಬಂದದ್ದು ಶಿವರಾಜಪ್ಪನವರಿಗೆ ಭೂಷಣವೇ ಆಯಿತು. ಕಂಬಳಿಯ ಮೇಲೆ, ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರ ಪಕ್ಕದಲ್ಲೇ ಕೂಡಿಸಿದರು.

ನೀಲಮ್ಮ ಒಳಗಿನ ಬಾಗಿಲಿಗೆ ಬಂದು ನನ್ನನ್ನು ಕಂಡಳು. ಕಂಡವಳೇ ಕೈ ಎತ್ತಿದಳು. ಮೊದಲು ಹಿಂದಿನ ವಾರದ ಕಥೆ. ಅವ್ವನ ಜೊತೆ ಆ ಮನೆ ನೋಡಲು ಹೋಗಿದ್ದಳಂತೆ. ಅತ್ತೆಯಾಗುವವಳು, ನಾದಿನಿ, ಮಕ್ಕಳು, ಎಲ್ಲರೂ ಬಾಯಿ ಆಡಿಸಿದರಂತೆ. ಅವಳು ಕೈ ಎತ್ತಿದರೆ ಮುಖ ತಿರುಗಿಸಿದರಂತೆ. ಕೊನೆಗೆ ಎರಡು ಮಣಿಕಟ್ಟು ಜೋಡಿಸಿ ಹಗ್ಗ ಸುತ್ತಿದಂತೆ ಮಾಡಿ ನನಗೆ ತೋರಿಸಿದಳು. ಆ ಮನೆಯಲ್ಲಿ ಎಲ್ಲರ ಕೈ ಕಟ್ಟಿದೆ. ನಾನು ಅಲ್ಲಿಗೆ ಹೋದರೆ ನನ್ನದೂ ಕಟ್ಟಿದ ಹಾಗೆ. ಬೇಡ.

ಅಷ್ಟರಲ್ಲಿ ಅಯ್ಯನವರು ತಾಂಬೂಲದ ತಟ್ಟೆ ಎತ್ತಿ, ಪದ್ಧತಿಯಂತೆ ಕೇಳಿದರು. “ಹುಡುಗಿ ಮನಸ್ಸಿಗಿ ಬಂದದ ಏನ್ರಿ ಯಜಮಾನ್ರ?”

“ಅಕಿ ಮೂಕಿ ಅದಾಳ್ರಿ ಅಯ್ನೋರ. ಅಕಿ ಕೈ ಮಾತು ನಮಗ್ಯಾರಿಗಿ ತಿಳೀತದ? ಹ್ಞೂಂ ಅಂದಂಗೇ ತಿಳ್ಕೋರಿ.”

“ಬ್ಯಾಡ ಅಂತಾಳ್ರಿ ಅಕಿ” ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ಗಂಡಿನ ಕಡೆಯಿಂದ ಒಬ್ಬ ನಕ್ಕ. ಅವನ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಬದುಕಿದ್ದ ಮಾವನ ಮಣ್ಣಿಗೆ ಹೋಗಿದ್ದವನು ಅವನೇ.

“ಅಯ್ನೋರ, ಈ ವೀರಶೆಟ್ಟಿ ಮಾತ ಕೇಳಬ್ಯಾಡ್ರಿ. ನಮ್ಮ ಮಾವಗ ಕೊಂದಾಂವ ಇವ. ಮಾವ ಇಲ್ಲೇ ಕುಂತಾನ ನೋಡ್ರಿ.”

ಮಾವ ಕೈ ಎತ್ತಿ ತಾನು ಇರುವುದನ್ನು ತೋರಿಸಿದ. ಅಂಗಳವೆಲ್ಲ ನಕ್ಕಿತು.

“ಖರೆ ಹೇಳ್ಲತ್ತೀನ್ರಿ” ಎಂದೆ. “ಆ ಮನ್ಯಾಗ ಮಾತಾಡಾಕ ಯಾರೂ ಇಲ್ಲಂತಾಳ.”

“ತಮ್ಮಾ, ನೀ ಅಣ್ಣನ ಹೆಸರಿಲೆ ಭಜಿ ತಿಂದಾಂವ” ಎಂದರು ಶಿವರಾಜಪ್ಪ. ಆ ಭಜಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. “ನನ್ನ ಮಗಳ ಹೆಸರಿಲೆ ಇದೊಂದು ಬ್ಯಾಡ.”

ಸಾಹೇಬರ ಕಡೆ ನೋಡಿದೆ. ಅವರ ಮುಖದಲ್ಲಿ ಅನುಮಾನವಿತ್ತು, ಸಂಕಟವೂ ಇತ್ತು. ಮೆಲ್ಲಗೆ ಅಂದರು, “ಇನ್ನೊಬ್ಬರು ಹೌದು ಅನ್ನಬೇಕು, ವೀರಶೆಟ್ಟಿ.”

ಇನ್ನೊಬ್ಬರು ಅಲ್ಲಿದ್ದರು. ತಾಯಿ ಸೆರಗು ಬಾಯಿಗೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದಳು. ಗಂಡನ ಮುಖ ನೋಡದೆ ಬಾಯಿ ತೆರೆಯುವವಳಲ್ಲ. ಉಳಿದವರು ಶಿವರಾಜಪ್ಪ. ಮಗಳು ಹೇಳಿದ್ದನ್ನು ಒಂದಕ್ಷರ ಬಿಡದೆ ಅವರೂ ನೋಡಿದ್ದರು. ತಿಳಿಯುತ್ತದೆ ಎಂದು ಒಪ್ಪಿದರೆ ಬೇಡ ಎಂದದ್ದನ್ನೂ ಒಪ್ಪಬೇಕಲ್ಲ. ಅದಕ್ಕೆ ಕಣ್ಣನ್ನು ತಾಂಬೂಲದ ತಟ್ಟೆಯ ಮೇಲಿಟ್ಟು ಕೂತಿದ್ದರು.

ಅಯ್ಯನವರು ತಟ್ಟೆ ಮುಂದಕ್ಕೆ ಚಾಚಿದರು. ಗಂಡಿನ ಅಣ್ಣ ಕೈ ಒಡ್ಡಿದ. ಅದು ಅವನ ಕೈಗೆ ಹೋದರೆ ಮಾತು ಮುಗಿದ ಹಾಗೆ. ಆಮೇಲೆ ನೀಲಮ್ಮ ಎಷ್ಟು ಕೈ ಆಡಿಸಿದರೂ ಗಾಳಿಗೆ.

ಆಗ ನನ್ನ ತಲೆ ಓಡಿತು. ಇಂಥ ಹೊತ್ತಿನಲ್ಲಿ ಅದು ಓಡುವಷ್ಟು ವೇಗವಾಗಿ ಬೀದರಿನ ಎಕ್ಸ್‌ಪ್ರೆಸ್ ಬಸ್ಸೂ ಓಡುವುದಿಲ್ಲ. ನಾನು ನೀಲಮ್ಮನ ಕಡೆ ತಿರುಗಿ, ಯಜಮಾನರ ಓರೆಗಣ್ಣಿಗೆ ಬೀಳುವ ಹಾಗೆ, ಮೂರು ಸನ್ನೆ ಮಾಡಿದೆ. ಮೀಸೆ ತಿರುವಿದೆ: ಅಪ್ಪ. ತಲೆಯ ಸುತ್ತ ಬೆರಳು ಸುತ್ತಿದೆ: ರುಮಾಲು. ತೋರುಬೆರಳನ್ನು ಕೊಕ್ಕೆ ಮಾಡಿ ಮೇಲೆತ್ತಿ ಆಡಿಸಿದೆ: ಚೇಳು.

ಶಿವರಾಜಪ್ಪ ಕಂಬಳಿಯಿಂದ ಮೊಳ ಮೇಲೆ ಹಾರಿದರು. ರುಮಾಲು ಕಿತ್ತು ದೂರ ಒಗೆದು, ಬೋಳುತಲೆಯನ್ನು ಎರಡೂ ಕೈಯಿಂದ ಝಾಡಿಸುತ್ತ, “ಎಲ್ಲ್ಯದ, ಎಲ್ಲ್ಯದ ಚೇಳ?” ಎಂದರು.

ಅಂಗಳದವರೆಲ್ಲ ಅವರ ಬೋಳುತಲೆ ನೋಡಿದರು.

ಅಯ್ಯನವರು ಚಾಚಿದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ತೊಡೆಯ ಮೇಲಿಟ್ಟರು. “ಚೇಳು ಅಂತ ಯಾರಂದ್ರಿ ಯಜಮಾನ್ರ? ನನಗರ ಏನೂ ಕೇಳಿಲ್ಲ.”

ಶಿವರಾಜಪ್ಪ ಸುತ್ತ ನೋಡಿದರು. ಯಾರೂ ಬಾಯಿ ಬಿಟ್ಟಿರಲಿಲ್ಲ. ಒಬ್ಬೊಬ್ಬರಿಗೇ ಅರ್ಥವಾಗುತ್ತ ಬಂತು. ಮೊದಲು ನಕ್ಕದ್ದು ಸತ್ತು ಬದುಕಿದ ಮಾವ.

“ತಿಳೀತದಲ್ರಿ ಮತ್ತ” ಎಂದರು ಅಯ್ಯನವರು. “ನೀವೇ ಕೇಳ್ರಿ ಅಕಿಗಿ. ನಾ ಕುಂತೀನಿ.”

ಶಿವರಾಜಪ್ಪ ಮಗಳ ಕಡೆ ತಿರುಗಿದರು. ಯಾರೋ ಎತ್ತಿ ಕೊಟ್ಟ ರುಮಾಲು ಕೈಯಲ್ಲಿತ್ತು. ಕೇಳಲು ಎರಡೂ ಕೈ ಬೇಕಲ್ಲ, ಅದನ್ನು ಕಂಬಳಿಯ ಮೇಲಿಟ್ಟರು. ಬೀಗರಾಗಬೇಕಿದ್ದವರು, ಸಾಹೇಬರು, ಊರವರು ಎಲ್ಲರ ಎದುರಿಗೆ, ಬರಿತಲೆಯಲ್ಲಿ, ಆ ಮನುಷ್ಯ ಮಗಳಿಗೆ ಕೈ ಮಾಡಿದರು. ಎಷ್ಟು ಮೆತ್ತಗೆ ಮಾಡಿದರೆಂದರೆ, ಬದುವಿನ ಮೇಲೆ ನಿಂತು ಹಗ್ಗ ಕೇಳಿದ ಕೈ ಅದೇನಾ ಎನಿಸಿತು. ಹೋಗ್ತೀಯಾ ಯವ್ವಾ?

ನೀಲಮ್ಮ ಉತ್ತರ ಕೊಟ್ಟಳು. ನಾನು ಬಾಯಿ ತೆರೆಯಲಿಲ್ಲ. ಜನ್ಮದಲ್ಲಿ ಅದೊಂದೇ ಸಲ.

“ಬ್ಯಾಡ ಅಂತಾಳ್ರಿ” ಎಂದರು ಶಿವರಾಜಪ್ಪ ಅಯ್ಯನವರಿಗೆ. “ಆ ಮನ್ಯಾಗ ಮಾತಾಡಾಕ ಯಾರೂ ಇಲ್ಲಂತರಿ.”

ಅರಿವೆ ವ್ಯಾಪಾರಿ ತಲೆ ತಗ್ಗಿಸಿ, “ಇದು ನನಗ್ಯಾರೂ ಹೇಳಿಲ್ರಿ” ಎಂದ. ಅವನ ತಪ್ಪೂ ಅಲ್ಲ. ಹೋಳಿಗೆ ಆಗಿತ್ತು, ಎಲ್ಲರೂ ಉಂಡರು, ಗಂಡಿನವರು ಗಾಡಿ ಕಟ್ಟಿಕೊಂಡು ಹೋದರು. ನೀಲಮ್ಮನಿಗೆ ಮುಂದೆ ಏನಾಯಿತು ಎಂದು ಕೇಳುತ್ತೀರಿ. ಅದು ಅವಳ ಕಥೆ. ಅವಳ ಕೈ ಇನ್ನೂ ಚೆನ್ನಾಗಿದೆ, ಹೋಗಿ ನೋಡಿ.

ವಾಪಸು ಬರುವಾಗ ಬಸ್ಸಿನಲ್ಲಿ ಸಾಹೇಬರು ‘ಈ ಮನೆಯಲ್ಲಿ ಕೈ ಮಾತಿಲ್ಲ’ ಎಂದು ಬರೆದದ್ದನ್ನು ಹೊಡೆದುಹಾಕಿದರು.

“ಇನ್ನೊಬ್ಬರು ಹೌದಂದ್ರಲ್ರಿ ಸಾಹೇಬ್ರ” ಎಂದೆ.

“ಅಂದರು” ಎಂದರು. ಪ್ಯಾಂಟು ಮೇಲೆತ್ತಿಕೊಂಡರು.

ಇಷ್ಟರಲ್ಲಿ ಒಂದು ಸುಳ್ಳು ಸೇರಿಸಿದ್ದೇನೆ. ಮಾವನ ಮಣ್ಣು ಅಲ್ಲ, ಅದು ಖರೆ. ಭಜಿ ಖರೆ, ತಾಂಡೂರಿನ ಶೆಡ್ಡು ಖರೆ. ಚೇಳು ನನ್ನದಲ್ಲ. ತಟ್ಟೆ ಮುಂದಕ್ಕೆ ಹೋದಾಗ ನನ್ನ ತಲೆ ಎಲ್ಲಿಗೂ ಓಡಿರಲಿಲ್ಲ. ಅಯ್ಯನವರ ಕಾಲು ಹಿಡಿಯಬೇಕೋ, ಓಡಿಹೋಗಬೇಕೋ ಎಂದು ನಿಂತಿದ್ದೆ. ಆ ಮೂರು ಸನ್ನೆ ಮಾಡಿದವಳು ನೀಲಮ್ಮ. ಬಾಗಿಲಲ್ಲಿ ನಿಂತು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ, ಅಪ್ಪನಿಗೂ ಕಾಣುವ ಹಾಗೆ ನನಗೆ ಹೇಳಿದಳು. ಶಿವರಾಜಪ್ಪ ಹಾರುವ ಮೊದಲು ನಾನು ಹಾರಿದೆ, ಸಾಹೇಬರ ಕಾಲು ತುಳಿದೆ. ಅವಳು ಹೇಳಿದ್ದನ್ನು ನಾನು ಪೂರಾ ನಂಬಿದ್ದೆ.